ತಾಲ್ಲೂಕಿಗೆ ಹೊಸ ಸಿಡಿಪಿಓ: ಕೆಲಸ ಎಲ್ಲಿಂದ ಶುರು ಮಾಡಬೇಕು, ಎಲ್ಲಿ ಎಡವುತ್ತೇವೆ

ಶಿಶು ಅಭಿವೃದ್ಧಿ ಯೋಜನಾಧಿಕಾರಿಯ (ಸಿಡಿಪಿಓ) ಕುರ್ಚಿಯಲ್ಲಿ ಕೂತವರ ಮೇಲೆ ಮೂರು ಹೊಣೆಗಳಿವೆ. ಮೊದಲನೆಯದು ಎಲ್ಲರಿಗೂ ಕಾಣುವ ಅಂಗನವಾಡಿ. ಎರಡನೆಯದು ಬಾಲ್ಯವಿವಾಹ ನಿಷೇಧಾಧಿಕಾರಿಯ ಕೆಲಸ. ಮೂರನೆಯದು ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಸಂರಕ್ಷಣಾಧಿಕಾರಿಯ ಕೆಲಸ. ಅಂಗನವಾಡಿ ಕೆಲಸಕ್ಕೆ ಇಲಾಖೆಯ ಸುತ್ತೋಲೆ, ತರಬೇತಿ, ನಮೂನೆ ಎಲ್ಲ ಇರುತ್ತವೆ. ಉಳಿದೆರಡು ನೇರವಾಗಿ ಕಾನೂನಿನಿಂದ ಬಂದ ಹೊಣೆಗಳು. ನ್ಯಾಯಾಲಯದಿಂದ ಸಮನ್ಸ್ ಬಂದಾಗಲೇ ಅದು ತಮ್ಮ ಕೆಲಸ ಎಂದು ತಿಳಿಯುವ ಅಧಿಕಾರಿಗಳೂ ಇದ್ದಾರೆ. ಹಾಗಾಗಬಾರದೆಂದು ಮೂರನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇವೆ.

ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ ಸೇವೆ) ಯೋಜನೆ ದೇಶದಲ್ಲಿ ಶುರುವಾದದ್ದು 1975ರ ಅಕ್ಟೋಬರ್ 2ರಂದು, 33 ತಾಲ್ಲೂಕು-ಬ್ಲಾಕುಗಳಲ್ಲಿ. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ. ಪೂರಕ ಪೌಷ್ಟಿಕ ಆಹಾರ, ಶಾಲಾಪೂರ್ವ ಶಿಕ್ಷಣ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸುವುದು, ಪೌಷ್ಟಿಕತೆ ಮತ್ತು ಆರೋಗ್ಯದ ತಿಳಿವಳಿಕೆ ಎಂಬ ಆರು ಸೇವೆಗಳು ಅಂದಿನಿಂದ ಇಂದಿನವರೆಗೂ ಬದಲಾಗಿಲ್ಲ. ಇವುಗಳಲ್ಲಿ ಮೂರು ಆರೋಗ್ಯ ಇಲಾಖೆಯ ಕೈ ಸೇರದೆ ನಡೆಯುವುದಿಲ್ಲ. ಆದ್ದರಿಂದ ತಾಲ್ಲೂಕು ಆರೋಗ್ಯಾಧಿಕಾರಿಯ ಮೊಬೈಲ್ ನಂಬರ್ ನಿಮ್ಮ ಫೋನಿನಲ್ಲಿ ಮೊದಲ ದಿನವೇ ಇರಲಿ.

ಪ್ರಭಾರ ವಹಿಸಿಕೊಳ್ಳುವಾಗ

ಪ್ರಭಾರ ಪಟ್ಟಿಗೆ ಸಹಿ ಹಾಕುವ ಮುನ್ನ ನಾಲ್ಕು ಸಂಗತಿ ಕೈಗೆ ಬರಬೇಕು.

ಒಂದು, ಕೇಂದ್ರಗಳ ಪಟ್ಟಿ. ಮಂಜೂರಾದವು ಎಷ್ಟು, ನಡೆಯುತ್ತಿರುವುವು ಎಷ್ಟು, ಸ್ವಂತ ಕಟ್ಟಡ, ಬಾಡಿಗೆ, ಶಾಲೆ ಅಥವಾ ಸಮುದಾಯ ಭವನದಲ್ಲಿರುವುವು ಎಷ್ಟು, ಕಾರ್ಯಕರ್ತೆ ಅಥವಾ ಸಹಾಯಕಿ ಹುದ್ದೆ ಖಾಲಿ ಇರುವುದು ಎಲ್ಲಿ ಎಂಬುದೆಲ್ಲ ಅದರಲ್ಲಿರಬೇಕು. ಸಾಮಾನ್ಯ ಪ್ರದೇಶದಲ್ಲಿ 400ರಿಂದ 800 ಜನಸಂಖ್ಯೆಗೆ ಒಂದು ಕೇಂದ್ರ, 150ರಿಂದ 400ಕ್ಕೆ ಮಿನಿ ಕೇಂದ್ರ ಎಂಬುದು ಮಾನದಂಡ. ಈ ಲೆಕ್ಕವನ್ನು ನಕ್ಷೆಯ ಜೊತೆ ಹಿಡಿದು ನೋಡಿದರೆ ಊರಿಂದ ದೂರದ ತಾಂಡಾ, ಹಾಡಿ, ಹಟ್ಟಿ, ಇಟ್ಟಿಗೆ ಗೂಡು, ಕಾಫಿ ಎಸ್ಟೇಟಿನ ಲೈನ್ ಮನೆಗಳಲ್ಲಿ ಯಾವುವು ಯಾವ ಕೇಂದ್ರಕ್ಕೂ ಸೇರದೆ ಉಳಿದಿವೆ ಎಂಬುದು ಹೊರಬೀಳುತ್ತದೆ. ಆ ಪಟ್ಟಿ ಬೇರೆ ಮಾಡಿ ಇಟ್ಟುಕೊಳ್ಳಿ. ಅಪೌಷ್ಟಿಕ ಮಕ್ಕಳು ಹೆಚ್ಚಾಗಿ ಸಿಗುವುದು ಅಲ್ಲೇ.

ಎರಡು, ಬಾಕಿ ಇರುವ ಪಾವತಿಗಳು: ಗೌರವಧನ, ಬಾಡಿಗೆ, ಮೊಟ್ಟೆ-ತರಕಾರಿ ಹಣ, ಗ್ಯಾಸ್ ಸಿಲಿಂಡರ್ ಬಿಲ್. ಯೋಜನೆಯ ಬಟವಾಡೆ ಅಧಿಕಾರಿ ನೀವೇ. ರಾಜ್ಯ ಖಜಾನೆಯ ಆನ್‌ಲೈನ್ ವ್ಯವಸ್ಥೆಯಾದ ಖಜಾನೆ-2ರಲ್ಲಿ ಬಿಲ್ ಎಲ್ಲಿ ನಿಂತಿದೆ ಎಂದು ಪ್ರಥಮ ದರ್ಜೆ ಸಹಾಯಕರನ್ನು ಕೂರಿಸಿಕೊಂಡು ಪರದೆಯ ಮೇಲೆಯೇ ನೋಡಿ, ಬಾಯಿಮಾತು ನಂಬಬೇಡಿ. ಕಾರ್ಯಕರ್ತೆಗೆ ಮೂರು ತಿಂಗಳು ಮೊಟ್ಟೆ ಹಣ ಹೋಗದಿದ್ದರೆ ಆಕೆ ಕೈಯಿಂದ ಹಾಕುತ್ತಾಳೆ, ಇಲ್ಲವೇ ಮೊಟ್ಟೆ ನಿಲ್ಲಿಸುತ್ತಾಳೆ. ಎರಡೂ ಪುಸ್ತಕದಲ್ಲಿ ಕಾಣುವುದಿಲ್ಲ.

ಮೂರು, ನ್ಯಾಯಾಲಯದ ಕಡತಗಳು. ಕೌಟುಂಬಿಕ ದೌರ್ಜನ್ಯ ಪ್ರಕರಣಗಳಲ್ಲಿ ಮುಂದಿನ ದಿನಾಂಕ, ವರದಿ ಕೇಳಿರುವ ಪ್ರಕರಣ, ಜಾರಿಯಾಗದ ಆದೇಶ ಎಂದು ಮೂರು ಗುಂಪು ಮಾಡಿಸಿ. ನಾಲ್ಕು, ಈಗಾಗಲೇ ತಡೆದ ಬಾಲ್ಯವಿವಾಹಗಳ ಹುಡುಗಿಯರ ಪಟ್ಟಿ. ಅವರು ಈಗ ಎಲ್ಲಿದ್ದಾರೆ ಎಂದು ಯಾರಿಗೂ ಗೊತ್ತಿಲ್ಲದಿದ್ದರೆ ಆ ತಡೆ ಕಾಗದದ ಮೇಲೆ ಮಾತ್ರ ನಡೆದಿದೆ.

ಒಂದು ಕೇಂದ್ರವನ್ನು ನೋಡುವ ಕ್ರಮ

ಭೇಟಿಗೆ ಬರುತ್ತೇನೆಂದು ಮೇಲ್ವಿಚಾರಕಿಗೆ ಹೇಳಿದರೆ ವಾಟ್ಸಾಪ್ ಗುಂಪಿನಲ್ಲಿ ಅದು ಹತ್ತು ನಿಮಿಷದಲ್ಲಿ ಹರಡುತ್ತದೆ. ಹೇಳದೆ ಹೋಗಿ. ಆದರೆ ಹಿಡಿದುಹಾಕಲು ಬಂದವರಂತೆ ಒಳಗೆ ಕಾಲಿಡಬೇಡಿ. ಕಾರ್ಯಕರ್ತೆ ಹೆದರಿದರೆ ನಿಮಗೆ ಸತ್ಯ ಸಿಗುವುದು ಅಲ್ಲಿಗೇ ನಿಲ್ಲುತ್ತದೆ.

ಹೋದೊಡನೆ ಪುಸ್ತಕ ಕೇಳಬೇಡಿ, ಮಕ್ಕಳನ್ನು ಎಣಿಸಿ. ಆಮೇಲೆ ಅಂದಿನ ಹಾಜರಿ, ಆಮೇಲೆ ಹಿಂದಿನ ಹತ್ತು ದಿನಗಳ ಹಾಜರಿ ನೋಡಿ. ಇವತ್ತು 11 ಮಕ್ಕಳಿದ್ದು, ಹಿಂದಿನ ಹತ್ತೂ ದಿನ 24, 25, 24 ಎಂದಿದ್ದರೆ ಕಾರಣ ಕೇಳಿ. ಜಾತ್ರೆ, ಜ್ವರ, ಸುಗ್ಗಿ ಆಗಿರಬಹುದು, ಆ ಉತ್ತರವನ್ನು ಹೊರಗೆ ಒಂದು ಮನೆಯಲ್ಲಿ ತಾಳೆ ನೋಡಿ.

ನಂತರ ಅಡುಗೆಮನೆ. ದಾಸ್ತಾನು ಪುಸ್ತಕದ ಉಳಿಕೆಯನ್ನು ಡಬ್ಬದಲ್ಲಿರುವುದರ ಜೊತೆ ತೂಗಿ ನೋಡಿ. ಎಲ್ಲವನ್ನೂ ತೂಗುವ ಅಗತ್ಯವಿಲ್ಲ, ಬೇಳೆ ಮತ್ತು ಹಾಲಿನ ಪುಡಿ ಎರಡು ಸಾಕು, ಏಕೆಂದರೆ ಹೊರಗೆ ಬೆಲೆ ಇರುವುದು ಇವಕ್ಕೆ. ಕ್ಷೀರಭಾಗ್ಯದಲ್ಲಿ ಮಗುವಿಗೆ 150 ಮಿ.ಲೀ. ಹಾಲು, ವಾರಕ್ಕೆ ಐದು ದಿನ. 24 ಮಕ್ಕಳಿಗೆ ದಿನಕ್ಕೆ 3.6 ಲೀಟರ್ ಆಗುತ್ತದೆ. ಕೇಂದ್ರದಲ್ಲಿ ಹಾಲು ಕಾಯಿಸುವ ಪಾತ್ರೆ ಎರಡು ಲೀಟರಿನದೊಂದೇ ಇದ್ದರೆ ಪ್ರಶ್ನೆ ತಾನಾಗಿ ಏಳುತ್ತದೆ. ಮೊಟ್ಟೆಯನ್ನು ನೀರಿನ ಬಟ್ಟಲಿಗೆ ಹಾಕಿಸಿ, ತೇಲುವ ಮೊಟ್ಟೆ ಕೆಟ್ಟದ್ದು. ಪೊಟ್ಟಣಗಳ ಮೇಲೆ ತಯಾರಾದ ತಿಂಗಳು ನೋಡಿ, ಹಳೆಯದು ಮುಂದೆ, ಹೊಸದು ಹಿಂದೆ ಇಟ್ಟಿದ್ದಾರೆಯೇ ಗಮನಿಸಿ. ಚೀಲಗಳು ನೆಲಕ್ಕೆ ತಾಗದಂತೆ ಹಲಗೆಯ ಮೇಲಿರಲಿ, ಗೋಡೆಯಿಂದ ಒಂದು ಗೇಣು ದೂರವಿರಲಿ. ಮಳೆಗಾಲದಲ್ಲಿ ಹುಳ ಹಿಡಿಯುವುದು ಗೋಡೆಯ ತೇವದಿಂದಲೇ.

ಮೊಟ್ಟೆಯ ವಿಷಯದಲ್ಲಿ ಒಂದು ಮಾತು. ಅಂಗನವಾಡಿ ಮಟ್ಟದ ಬಾಲವಿಕಾಸ ಸಮಿತಿಯ ಜಂಟಿ ಖಾತೆಗೆ ಹಣ ಹೋಗಿ, ಕಾರ್ಯಕರ್ತೆ ಸ್ಥಳೀಯವಾಗಿ ಮೊಟ್ಟೆ ಕೊಳ್ಳುವ ಕಡೆ ಸರ್ಕಾರದ ದರ ಒಂದೇ ಇರುತ್ತದೆ, ಚಳಿಗಾಲದಲ್ಲಿ ಮಾರುಕಟ್ಟೆ ದರ ಅದನ್ನು ದಾಟುತ್ತದೆ. ಆ ವ್ಯತ್ಯಾಸವನ್ನು ಆಕೆಯ ಗೌರವಧನದಿಂದ ತುಂಬಿಸುವುದು ಅನ್ಯಾಯ. ತಿಂಗಳಿಗೊಮ್ಮೆ ತಾಲ್ಲೂಕಿನ ಮೂರು ಸಂತೆಗಳ ದರ ಬರೆಸಿ, ಉಪನಿರ್ದೇಶಕರಿಗೆ ಲಿಖಿತವಾಗಿ ಕಳಿಸಿ. ಫೋನಿನಲ್ಲಿ ಹೇಳಿದ್ದು ದರ ಪರಿಷ್ಕರಣೆಯ ಕಡತಕ್ಕೆ ಸೇರುವುದಿಲ್ಲ.

ಗರ್ಭಿಣಿ-ಬಾಣಂತಿಯರ ಊಟಕ್ಕೆ ಬನ್ನಿ. 2017ರ ಅಕ್ಟೋಬರ್ 2ರಿಂದ ನಡೆಯುತ್ತಿರುವ ಮಾತೃಪೂರ್ಣದಲ್ಲಿ ಹೆಣ್ಣುಮಕ್ಕಳು ಕೇಂದ್ರಕ್ಕೇ ಬಂದು ಬಿಸಿಯೂಟ ಮಾಡಬೇಕು. ಹಾಜರಿ ಕಡಿಮೆಯಾಗುವುದಕ್ಕೆ ಕಾರಣಗಳು ಊರಿಗೊಂದು: ಕೇಂದ್ರ ದೂರ, ಬಾಣಂತನದಲ್ಲಿ ಹೊಸ್ತಿಲು ದಾಟಿಸುವುದಿಲ್ಲ, ಕೂಲಿಗೆ ಹೋದವರು ಮಧ್ಯಾಹ್ನ ಬರಲಾಗದು, ಬೇರೆ ಜಾತಿಯವರ ಜೊತೆ ಪಂಕ್ತಿಯಲ್ಲಿ ಕೂರಲು ಅತ್ತೆ ಒಪ್ಪುವುದಿಲ್ಲ. ಕೊನೆಯ ಕಾರಣವನ್ನು ಯಾರೂ ನಿಮ್ಮೆದುರು ಹೇಳುವುದಿಲ್ಲ. ಕೇರಿವಾರು ಹಾಜರಿ ಬಿಡಿಸಿ ನೋಡಿದರೆ ಕಾಣುತ್ತದೆ. ಕಂಡರೆ ಸುಮ್ಮನಿರಬೇಡಿ. ಅಡುಗೆ ಮಾಡುವ ಸಹಾಯಕಿಯ ಜಾತಿ ನೋಡಿ ಮಕ್ಕಳನ್ನು ಕಳಿಸದ ಊರಿನಲ್ಲಿ ಸಹಾಯಕಿಯನ್ನು ಬದಲಿಸುವುದು ಪರಿಹಾರವಾಗದು. ತಹಶೀಲ್ದಾರ್, ಸಮಾಜ ಕಲ್ಯಾಣ ಇಲಾಖೆ, ಪಿಡಿಓ ಜೊತೆಗೂಡಿ ಊರಿನಲ್ಲಿ ಸಭೆ ಮಾಡಿ, ಅಂದು ನೀವೂ ಅಲ್ಲೇ ಆ ಊಟ ಮಾಡಿ.

ತವರಿಗೆ ಹೋದ ಬಸುರಿಯದು ಇನ್ನೊಂದು ಸಮಸ್ಯೆ. ಏಳನೇ ತಿಂಗಳಿಗೆ ಗಂಡನ ಊರು ಬಿಟ್ಟು ತವರಿಗೆ ಹೋದಾಕೆ ಎರಡೂ ಕಡೆ ಹೆಸರಿದ್ದು ಒಂದು ಕಡೆಯೂ ಊಟ ಸಿಗದವಳಾಗಬಹುದು. ಅಂಗನವಾಡಿಯ ದಾಖಲೆಗಳನ್ನು ತುಂಬುವ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಫಲಾನುಭವಿಯನ್ನು ಒಂದು ಕೇಂದ್ರದಿಂದ ಇನ್ನೊಂದಕ್ಕೆ ವರ್ಗಾಯಿಸಲು ಅವಕಾಶವಿದೆ. ಹೊರಡುವ ವಾರವೇ ಅದನ್ನು ಮಾಡಿಸಿ, ಜೊತೆಗೆ ತಾಯಿ ಕಾರ್ಡಿನಲ್ಲೂ ಬರೆಸಿ. ಮುಖ ಗುರುತಿಸುವಿಕೆ ವಿಫಲವಾಯಿತು, ಒಟಿಪಿ ಗಂಡನ ಫೋನಿಗೆ ಹೋಯಿತು, ನೆಟ್‌ವರ್ಕ್ ಇಲ್ಲ ಎಂಬ ಕಾರಣಕ್ಕೆ ಯಾರನ್ನೂ ಬರಿಗೈಯಲ್ಲಿ ಕಳಿಸಬಾರದು ಎಂದು ಕಾರ್ಯಕರ್ತೆಗೆ ಬರವಣಿಗೆಯಲ್ಲೇ ತಿಳಿಸಿ. ಆಹಾರ ಕೊಟ್ಟು, ಸಹಿ ಪಡೆದು, ಕಾರಣ ಬರೆದು, ಅದೇ ದಿನ ಮೇಲ್ವಿಚಾರಕಿಗೆ ತಿಳಿಸಲಿ. ಈ ಆಹಾರ 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಡಿಯ ಹಕ್ಕು. ಕೊಡದಿದ್ದರೆ ಆಹಾರ ಭದ್ರತಾ ಭತ್ಯೆ ಕೇಳುವ ಅಧಿಕಾರವೂ ಅದೇ ಕಾಯ್ದೆಯಲ್ಲಿದೆ.

ತೂಕ, ಎತ್ತರ, ತೋಳು

ತಾಲ್ಲೂಕಿನ ಅಪೌಷ್ಟಿಕತೆಯ ಅಂಕಿ ನಂಬಲು ಯೋಗ್ಯವೋ ಅಲ್ಲವೋ ಎಂದು ತೀರ್ಮಾನವಾಗುವುದು ತಕ್ಕಡಿಯ ಬಳಿ. ಹೆಚ್ಚು ಹೊತ್ತು ಇಲ್ಲೇ ನಿಲ್ಲಿ.

ತೂಕದ ಯಂತ್ರವನ್ನು ಸಮತಟ್ಟಾದ ಗಟ್ಟಿ ನೆಲದ ಮೇಲಿಡಿಸಿ. ಸಗಣಿ ಸಾರಿಸಿದ ಏರುಪೇರು ನೆಲ, ಚಾಪೆ, ಜಮಖಾನದ ಮೇಲೆ ಬೇಡ. ಸೊನ್ನೆ ತೋರಿಸುತ್ತದೆಯೇ ನೋಡಿ. ನ್ಯಾಯಬೆಲೆ ಅಂಗಡಿಯಿಂದ ಮುದ್ರೆ ಬಿದ್ದ 5 ಕೆ.ಜಿ. ತೂಕದ ಕಲ್ಲು ತರಿಸಿ ಇಟ್ಟು ನೋಡಿ. ಬ್ಯಾಟರಿ ಇಳಿದಾಗ ಕೆಲವು ಯಂತ್ರಗಳು ನಿಲ್ಲದೆ ತಪ್ಪು ತೂಕ ತೋರಿಸುತ್ತವೆ. ಮಗುವಿನ ಮೈಮೇಲೆ ತೆಳು ಬಟ್ಟೆ ಮಾತ್ರ ಇರಲಿ. ಬೆಳ್ಳಿ ಉಡಿದಾರ, ಕಾಲ್ಗೆಜ್ಜೆ, ದಪ್ಪ ಸ್ವೆಟರ್ ಸೇರಿ 300 ಗ್ರಾಂ ಆದರೆ, ಆರು ಕಿಲೋ ತೂಗುವ ಕೂಸಿನ ಮಟ್ಟಿಗೆ ಅದು ದೊಡ್ಡ ವ್ಯತ್ಯಾಸ.

ಎರಡು ವರ್ಷ ತುಂಬದ ಮಗುವನ್ನು ಮಲಗಿಸಿ ಉದ್ದ ಅಳೆಯಬೇಕು, ತುಂಬಿದ ಮಗುವನ್ನು ನಿಲ್ಲಿಸಿ ಎತ್ತರ ಅಳೆಯಬೇಕು. ಮಲಗಿಸಿ ಅಳೆದ ಅಂಕಿ ನಿಲ್ಲಿಸಿ ಅಳೆದದ್ದಕ್ಕಿಂತ ಸುಮಾರು 0.7 ಸೆಂ.ಮೀ. ಹೆಚ್ಚು ಬರುತ್ತದೆ, ಅದಕ್ಕೇ ಈ ಕಟ್ಟುನಿಟ್ಟು. ಮಲಗಿಸಿ ಅಳೆಯಲು ಇಬ್ಬರು ಬೇಕು: ಒಬ್ಬರು ತಲೆಯನ್ನು ಹಲಗೆಗೆ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಮೊಣಕಾಲು ಮೆಲ್ಲನೆ ಒತ್ತಿ ಪಾದಕ್ಕೆ ಹಲಗೆ ತಾಗಿಸಬೇಕು. ಸಹಾಯಕಿ ಅಡುಗೆಯಲ್ಲಿದ್ದಾಗ ಕಾರ್ಯಕರ್ತೆ ಒಬ್ಬಳೇ ಅಳೆದ ಅಂಕಿಗೆ ಬೆಲೆಯಿಲ್ಲ. ತಲೆಯ ಜುಟ್ಟು, ಕ್ಲಿಪ್ಪು ಬಿಚ್ಚಿಸಿ. ಎತ್ತರ ಒಂದು ಸೆಂಟಿಮೀಟರ್ ಹೆಚ್ಚು ಬರೆದರೆ ಸರಿಯಾಗಿರುವ ಮಗು ಸೊರಗಿದಂತೆ ಕಾಣುತ್ತದೆ, ಕಡಿಮೆ ಬರೆದರೆ ಸೊರಗಿದ ಮಗು ಪಟ್ಟಿಯಿಂದ ಮರೆಯಾಗುತ್ತದೆ.

ಮಧ್ಯ ತೋಳಿನ ಸುತ್ತಳತೆ ಅಳೆಯುವ ಪಟ್ಟಿ 6 ತಿಂಗಳಿಂದ 59 ತಿಂಗಳ ಮಕ್ಕಳಿಗೆ. ಎಡತೋಳು, ಹೆಗಲ ತುದಿ ಮತ್ತು ಮೊಣಕೈಯ ನಡುಭಾಗ, ಕೈ ಸಡಿಲ. 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ, ಅಂದರೆ ಸ್ಯಾಮ್. 11.5ರಿಂದ 12.5ರೊಳಗಿದ್ದರೆ ಮಧ್ಯಮ ಅಪೌಷ್ಟಿಕತೆ, ಅಂದರೆ ಮ್ಯಾಮ್. ಜೊತೆಗೆ ಎರಡೂ ಪಾದಗಳ ಮೇಲೆ ಹೆಬ್ಬೆರಳಿನಿಂದ ಮೂರು ಸೆಕೆಂಡು ಒತ್ತಿಸಿ. ಗುಳಿ ಹಾಗೇ ಉಳಿದರೆ ತೂಕ ಎಷ್ಟೇ ಇರಲಿ ಅದು ಸ್ಯಾಮ್. ಬಾವು ಬಂದ ಮಗು ತಕ್ಕಡಿಯಲ್ಲಿ ಚೆನ್ನಾಗಿಯೇ ತೂಗುತ್ತದೆ, ಆ ಮಗುವೇ ಹೆಚ್ಚಾಗಿ ನಮ್ಮ ಕಣ್ತಪ್ಪುವುದು.

ಬರೆದ ಅಂಕಿಗಳಲ್ಲಿ ಸುಳ್ಳು ಹುಡುಕುವುದು ಕಷ್ಟವಲ್ಲ. ತೂಕಗಳೆಲ್ಲ .0 ಅಥವಾ .5ರಲ್ಲಿ ಮುಗಿದಿದ್ದರೆ ಅಂದಾಜಿಗೆ ಬರೆದದ್ದು. ಎಲ್ಲ ಮಕ್ಕಳೂ ತಿಂಗಳಿಗೆ ಸರಿಯಾಗಿ 200 ಗ್ರಾಂ ಹೆಚ್ಚಿದ್ದರೆ ಹಿಂದಿನ ತಿಂಗಳಿಗೆ ಕೂಡಿಸಿ ಬರೆದದ್ದು. ಎತ್ತರ ಹಿಂದಿನ ತಿಂಗಳಿಗಿಂತ ಕಡಿಮೆಯಾಗಿದ್ದರೆ ಎರಡರಲ್ಲಿ ಒಂದು ತಪ್ಪು. ಹೋದ ಕೇಂದ್ರದಲ್ಲೆಲ್ಲ ಐದು ಮಕ್ಕಳನ್ನು ನಿಮ್ಮೆದುರೇ ಮತ್ತೆ ಅಳೆಸಿ. ಕಾರ್ಯಕರ್ತೆಯರು ಸುಳ್ಳು ಬರೆಯುವುದಕ್ಕೆ ಮುಖ್ಯ ಕಾರಣ ಸೋಮಾರಿತನವಲ್ಲ, ಭಯ. ಕೆಂಪು, ಅಂದರೆ ತೀವ್ರ ಅಪೌಷ್ಟಿಕ ಮಗು ತೋರಿಸಿದವಳಿಗೆ ಸಭೆಯಲ್ಲಿ ಎದ್ದು ನಿಲ್ಲುವ ಶಿಕ್ಷೆ, ಎಲ್ಲ ಹಸಿರು ತೋರಿಸಿದವಳಿಗೆ ಚಪ್ಪಾಳೆ. ಈ ಪದ್ಧತಿ ಮೊದಲ ಸಭೆಯಲ್ಲೇ ತಿರುಗಲಿ: ಸ್ಯಾಮ್ ಮಗು ಹುಡುಕಿ ತಂದವಳ ಹೆಸರು ಹೇಳಿ ಮೆಚ್ಚಿ. ಮುಂದಿನ ಎರಡು ತಿಂಗಳು ತಾಲ್ಲೂಕಿನ ಸ್ಯಾಮ್ ಸಂಖ್ಯೆ ಏರುತ್ತದೆ. ಇಲಾಖೆಗಳ ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆಯಲ್ಲಿ ಪ್ರಶ್ನೆ ಬರುತ್ತದೆ. ಉಪನಿರ್ದೇಶಕರಿಗೆ ಮೊದಲೇ ಕಾರಣ ಬರೆದು ತಿಳಿಸಿ, ಆ ಏರಿಕೆಯನ್ನು ಸಮರ್ಥಿಸಿಕೊಳ್ಳಿ.

ಸ್ಯಾಮ್ ಮಗು ಸಿಕ್ಕ ಮೇಲೆ

ಮಗು ಸಿಕ್ಕ ದಿನವೇ ಎರಡು ಪ್ರಶ್ನೆಗೆ ಉತ್ತರ ಬೇಕು. ಹಸಿವಿದೆಯೇ? ಬೇರೆ ತೊಂದರೆ ಇದೆಯೇ, ಅಂದರೆ ಜ್ವರ, ಏದುಸಿರು, ವಾಂತಿ-ಭೇದಿ, ಮಂಕು, ಪಾದದ ಬಾವು? ಹಸಿವಿಲ್ಲದಿದ್ದರೆ ಅಥವಾ ಈ ಯಾವ ತೊಂದರೆ ಇದ್ದರೂ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಹೋಗಲೇಬೇಕು. ಹಸಿವಿದ್ದು, ತೊಂದರೆ ಇಲ್ಲದಿದ್ದರೆ ವೈದ್ಯರ ತಪಾಸಣೆ ಆದ ಮೇಲೆ ಊರಿನಲ್ಲೇ ಹೆಚ್ಚುವರಿ ಆಹಾರ ಕೊಟ್ಟು ವಾರಕ್ಕೊಮ್ಮೆ ತೂಕ ನೋಡಬಹುದು. ಆರು ತಿಂಗಳೊಳಗಿನ ಕೂಸು ಸೊರಗಿದ್ದರೆ ಯೋಚನೆಯೇ ಬೇಡ, ನೇರವಾಗಿ ಆಸ್ಪತ್ರೆ.

ಪುನಶ್ಚೇತನ ಕೇಂದ್ರದಲ್ಲಿ ಸಾಮಾನ್ಯವಾಗಿ 14 ದಿನ ಇರಬೇಕಾಗುತ್ತದೆ. ತಾಯಂದಿರು ಒಪ್ಪುವುದಿಲ್ಲ ಎಂದು ವರದಿಯಲ್ಲಿ ಬರೆದು ಕೈತೊಳೆದುಕೊಳ್ಳುವುದನ್ನು ಎಲ್ಲೆಡೆ ಕಾಣುತ್ತೇವೆ. ಯಾಕೆ ಒಪ್ಪುವುದಿಲ್ಲ ಎಂದು ಬಿಡಿಸಿ ಕೇಳಿ. ಮನೆಯಲ್ಲಿ ಇನ್ನೆರಡು ಮಕ್ಕಳು, ಕರೆಯುವ ಹಸು, ತಪ್ಪುವ ಕೂಲಿ, ಗಂಡನ ಅನುಮತಿ: ಕಾರಣ ಇವುಗಳಲ್ಲಿ ಒಂದಾಗಿರುತ್ತದೆ. ಕೂಲಿ ನಷ್ಟಕ್ಕೆ ಪರಿಹಾರ ಕೊಡುತ್ತಾರೆ ಎಂದು ತಿಳಿಸಿ. ಉಳಿದ ಮಕ್ಕಳಿಗೆ ಅಂಗನವಾಡಿಯಲ್ಲಿ ಸಂಜೆಯವರೆಗಿನ ವ್ಯವಸ್ಥೆ, ಇಲ್ಲವೇ ಗ್ರಾಮ ಪಂಚಾಯಿತಿಯ ಕೂಸಿನ ಮನೆ (ಶಿಶುಪಾಲನಾ ಕೇಂದ್ರ) ಇದ್ದರೆ ಅಲ್ಲಿ ಬಿಡುವ ವ್ಯವಸ್ಥೆ ಮಾಡಿ. ಒಪ್ಪಿಸುವ ಮಾತು ತಾಯಿಯ ಜೊತೆಗೆ ಅತ್ತೆಯೊಂದಿಗೂ ನಡೆಯಲಿ. ಹಾಸಿಗೆ ಖಾಲಿ ಇದೆಯೇ ಎಂದು ಕೇಳಿಯೇ ಕಳಿಸಿ. ಒಮ್ಮೆ ಬಸ್ಸು ಹತ್ತಿ ಹೋಗಿ ವಾಪಸ್ ಬಂದ ತಾಯಿ ಮತ್ತೆ ಹೊರಡುವುದಿಲ್ಲ.

ವಾಪಸ್ ಬಂದ ಮಗುವನ್ನು ಮರೆಯುವುದು ಅದಕ್ಕಿಂತ ದೊಡ್ಡ ತಪ್ಪು. ಬಿಡುಗಡೆಯಾದ ದಿನವೇ ಆ ಹೆಸರು ಕಾರ್ಯಕರ್ತೆ, ಆಶಾ, ಮೇಲ್ವಿಚಾರಕಿ ಮೂವರಿಗೂ ಹೋಗಲಿ. ಮೊದಲ ತಿಂಗಳು ವಾರಕ್ಕೊಮ್ಮೆ ಮನೆ ಭೇಟಿ. ತೂಕ ಮತ್ತೆ ಇಳಿದರೆ ಕ್ಷಯ, ಹೃದಯದ ತೊಂದರೆ, ಸೀಳುತುಟಿಯಂಥವನ್ನು ನೋಡಿಸಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ತಂಡ ಅಂಗನವಾಡಿಗೆ ವರ್ಷಕ್ಕೆರಡು ಸಲ ಬರಬೇಕು, ಅವರ ಪ್ರವಾಸ ಪಟ್ಟಿ ಮುಂಚೆಯೇ ಪಡೆದು, ಆ ದಿನ ಅನುಮಾನದ ಮಕ್ಕಳು ತಪ್ಪದೆ ಹಾಜರಿರುವಂತೆ ನೋಡಿಕೊಳ್ಳಿ.

ಬಾಲ್ಯವಿವಾಹ: ಫೋನ್ ಬಂದ ಗಳಿಗೆಯಿಂದ

2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯ ಪ್ರಕಾರ ಇಲ್ಲಿ ನಡೆದ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು. ದೂರು ಹೆಚ್ಚಾಗಿ ಮಕ್ಕಳ ಸಹಾಯವಾಣಿ 1098ರಿಂದ, ಶಿಕ್ಷಕರಿಂದ, ಕೆಲವೊಮ್ಮೆ ಹುಡುಗಿಯಿಂದಲೇ ಬರುತ್ತದೆ, ಅದೂ ಮದುವೆಯ ಹಿಂದಿನ ರಾತ್ರಿ.

ಮೊದಲ ಕೆಲಸ ವಯಸ್ಸಿನ ದಾಖಲೆ. ಶಾಲಾ ದಾಖಲಾತಿಯ ದೃಢೀಕೃತ ಪ್ರತಿ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅದಿಲ್ಲದಿದ್ದರೆ ಸ್ಥಳೀಯ ಸಂಸ್ಥೆಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ವೈದ್ಯಕೀಯ ಪರೀಕ್ಷೆ. ಬಾಲನ್ಯಾಯ ಕಾಯ್ದೆಯ 94ನೇ ಕಲಮಿನ ಕ್ರಮ ಇದು. ಆಧಾರ್ ಈ ಪಟ್ಟಿಯಲ್ಲಿಲ್ಲ. ಮನೆಯವರು ಆಧಾರ್ ಎದುರಿಗೆ ಹಿಡಿದು 18 ತುಂಬಿದೆ ಎಂದರೆ ಅಲ್ಲಿಗೇ ತಿರುಗಿ ಬರಬೇಡಿ. ಮುಖ್ಯಶಿಕ್ಷಕರಿಗೆ ರಾತ್ರಿಯಾದರೂ ಫೋನ್ ಮಾಡಿ, ದಾಖಲಾತಿ ಪುಟದ ಫೋಟೋ ತರಿಸಿಕೊಳ್ಳಿ, ಬೆಳಿಗ್ಗೆ ದೃಢೀಕೃತ ಪ್ರತಿ ಪಡೆಯಿರಿ.

ಎರಡನೆಯದು, ಒಬ್ಬರೇ ಹೋಗಬೇಡಿ. ಪೊಲೀಸ್, ಪಿಡಿಓ ಅಥವಾ ಗ್ರಾಮ ಆಡಳಿತಾಧಿಕಾರಿ ಜೊತೆಗಿರಲಿ. ದೂರು ಕೊಟ್ಟವರ ಹೆಸರು ನಿಮ್ಮ ಚಾಲಕರಿಗೂ ತಿಳಿಯಬಾರದು. ಹುಡುಗಿಯನ್ನು ಹಿರಿಯರಿಂದ ದೂರ ಕರೆದೊಯ್ದು ಮಹಿಳಾ ಸಿಬ್ಬಂದಿ ಮಾತನಾಡಿಸಲಿ. ಚಪ್ಪರದ ನಡುವೆ ನಿಂತು, ನೆಂಟರೆದುರು ಆ ಮಗುವನ್ನು ನಿನಗೆ ಇಷ್ಟವಿದೆಯಾ ಎಂದು ಕೇಳುವುದು ಕ್ರೌರ್ಯ.

ಮೂರನೆಯದು, ಮುಚ್ಚಳಿಕೆ ಬರೆಸಿಕೊಂಡು ಮುಗಿಯಿತು ಎಂದುಕೊಳ್ಳಬೇಡಿ. ಬರೆಸಿಕೊಳ್ಳಿ, ಬೇಡವೆನ್ನುವುದಿಲ್ಲ. ಆದರೆ ಅದೇ ರಾತ್ರಿ ಪಕ್ಕದ ತಾಲ್ಲೂಕಿನ ದೇವಸ್ಥಾನದಲ್ಲಿ, ಗಡಿ ಜಿಲ್ಲೆಯಾದರೆ ಆಚೆ ರಾಜ್ಯದ ನೆಂಟರ ಮನೆಯಲ್ಲಿ ತಾಳಿ ಕಟ್ಟಿಸುವುದು ನಡೆದೇ ಇದೆ. ಆದ್ದರಿಂದ 13ನೇ ಕಲಮಿನಡಿ ಪ್ರಥಮ ದರ್ಜೆ ಜ್ಯುಡಿಷಿಯಲ್ ಮ್ಯಾಜಿಸ್ಟ್ರೇಟರ ಮುಂದೆ ತಡೆಯಾಜ್ಞೆಗೆ ಅರ್ಜಿ ಹಾಕಿ. ವಯಸ್ಸಿನ ದಾಖಲೆ, ಲಗ್ನಪತ್ರಿಕೆ ಅಥವಾ ಮಂಟಪದ ಕಾಯ್ದಿರಿಸಿದ ಚೀಟಿ, ಎರಡೂ ಕಡೆಯ ಹೆಸರು-ವಿಳಾಸ ಸೇರಿಸಿ. ತಡೆಯಾಜ್ಞೆ ಮೀರಿದರೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷದವರೆಗೆ ದಂಡವಿದೆ. ಖಾಲಿ ಅರ್ಜಿ ನಮೂನೆಗಳನ್ನು ಕಚೇರಿಯಲ್ಲಿ ಸಿದ್ಧವಿಟ್ಟಿರಿ, ಮಧ್ಯರಾತ್ರಿ ಟೈಪ್ ಮಾಡಲು ಕೂರುವಂತಾಗಬಾರದು.

ಮದುವೆ ಆಗಿಯೇ ಹೋಗಿದ್ದರೆ ಎಫ್‌ಐಆರ್. ಮಾಡಿಸಿದ ತಂದೆ-ತಾಯಿ, ಪುರೋಹಿತರು ಅಥವಾ ಧರ್ಮಗುರು, ಗೊತ್ತಿದ್ದೂ ನಡೆಸಿಕೊಟ್ಟವರು ಎಲ್ಲರೂ ಹೊಣೆ. ಜೊತೆಗೆ ದೈಹಿಕ ಸಂಬಂಧ ನಡೆದಿದ್ದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಕಾಯ್ದೆಯಾದ ಪೋಕ್ಸೋ ಕೂಡ ಬರುತ್ತದೆ. 18ರೊಳಗಿನ ಹೆಂಡತಿಯ ಜೊತೆಗಿನ ಸಂಬಂಧವೂ ಅತ್ಯಾಚಾರವೇ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಸ್ಪಷ್ಟಪಡಿಸಿದೆ. ಹುಡುಗಿಯನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಿ, ನಿಮ್ಮ ಮಟ್ಟದಲ್ಲೇ ಮನೆಗೆ ಕಳಿಸಬೇಡಿ.

ಬಸವ ಜಯಂತಿ, ಅಕ್ಷಯ ತದಿಗೆಯ ಸಾಮೂಹಿಕ ಮದುವೆಗಳಿಗೆ ತಿಂಗಳ ಮುಂಚೆ ಸಂಘಟಕರು, ಕಲ್ಯಾಣ ಮಂಟಪದವರು, ಲಗ್ನಪತ್ರಿಕೆ ಮುದ್ರಿಸುವವರು, ಅಡುಗೆಯವರು, ಶಾಮಿಯಾನದವರಿಗೆ ನೋಟಿಸ್ ಕೊಡಿ. ವಯಸ್ಸಿನ ದಾಖಲೆಯಿಲ್ಲದ ಜೋಡಿಯನ್ನು ಸೇರಿಸಬಾರದೆಂದು ಬರೆಸಿಕೊಳ್ಳಿ. ಇಂಥ ದಿನಗಳಲ್ಲಿ ಜಿಲ್ಲಾಧಿಕಾರಿಗೂ ಬಾಲ್ಯವಿವಾಹ ನಿಷೇಧಾಧಿಕಾರಿಯ ಪೂರ್ಣ ಅಧಿಕಾರವಿದೆ, ಒತ್ತಡ ಬಂದರೆ ಅವರ ನೆರವು ಪಡೆಯಿರಿ.

ತಡೆದ ಮದುವೆಯ ಹುಡುಗಿಗೆ 18 ತುಂಬುವವರೆಗೆ ಕಡತ ಮುಚ್ಚಬಾರದು. ಶಾಲೆ ಬಿಟ್ಟಿದ್ದರೆ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ ಅಥವಾ ಹಾಸ್ಟೆಲಿಗೆ ಸೇರಿಸಿ. ತಿಂಗಳಿಗೊಮ್ಮೆ ಮೇಲ್ವಿಚಾರಕಿ ಆಕೆಯನ್ನು ಕಣ್ಣಾರೆ ನೋಡಿ ಬರಲಿ. ಅಜ್ಜಿ ಮನೆಗೆ ಹೋಗಿದ್ದಾಳೆ ಎಂಬ ಉತ್ತರ ಎರಡನೇ ಸಲ ಬಂದರೆ ಅಜ್ಜಿ ಮನೆಗೇ ಹೋಗಿ.

ಇದರ ಜೊತೆ ಅಂಟಿಕೊಂಡೇ ಇರುವುದು 18 ತುಂಬದ ಗರ್ಭಿಣಿಯ ನೋಂದಣಿ. ಕಾರ್ಯಕರ್ತೆ ಆ ಮನೆಯ ಮೇಲಿನ ಕನಿಕರಕ್ಕೋ ಊರಿನ ಭಯಕ್ಕೋ 17ನ್ನು 19 ಎಂದು ಬರೆಯುತ್ತಾಳೆ. ಪೋಕ್ಸೋ 19ನೇ ಕಲಮಿನ ಪ್ರಕಾರ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಆರು ತಿಂಗಳವರೆಗೆ ಸೆರೆವಾಸ. ವರದಿ ಮಾಡುವ ಹೊಣೆ ನನ್ನದು ಎಂದು ಕಾರ್ಯಕರ್ತೆಗೆ ಧೈರ್ಯ ಕೊಟ್ಟು ನೀವೇ ಬರವಣಿಗೆಯಲ್ಲಿ ಕೊಡಿ. ಆದರೆ ಆ ಹುಡುಗಿಯ ಊಟ, ತಪಾಸಣೆ, ಹೆರಿಗೆ ಒಂದು ದಿನವೂ ನಿಲ್ಲಬಾರದು. ಪ್ರಕರಣಕ್ಕೆ ಹೆದರಿ ಮನೆಯಲ್ಲೇ ಹೆರಿಗೆ ಮಾಡಿಸಿದರೆ ತಾಯಿ-ಕೂಸು ಎರಡು ಜೀವಕ್ಕೂ ಅಪಾಯ.

ದೂರು ಹೊತ್ತು ಬಂದ ಹೆಣ್ಣುಮಗಳು

2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಹೆಂಡತಿ ಮಾತ್ರವಲ್ಲ, ತಾಯಿ, ಅಕ್ಕ-ತಂಗಿ, ಮದುವೆಯಿಲ್ಲದೆ ಜೊತೆಗಿರುವವಳು ಕೂಡ ಬರಬಹುದು. ಬಂದವಳಿಗೆ ಮೊದಲು ಕೂರಲು ಹೇಳಿ, ನೀರು ಕೊಡಿ, ಗೃಹಲಕ್ಷ್ಮಿ ವಿಚಾರಿಸಲು ಬಂದವರ ಸಾಲಿನಲ್ಲಿ ನಿಲ್ಲಿಸಬೇಡಿ. ಮಾತು ಮುಚ್ಚಿದ ಕೋಣೆಯಲ್ಲಿ ಆಗಲಿ.

ಗಾಯವಿದ್ದರೆ ಆಸ್ಪತ್ರೆ ಮೊದಲು. ನಂತರ ನಮೂನೆ-1ರಲ್ಲಿ ಕೌಟುಂಬಿಕ ಘಟನಾ ವರದಿ ಬರೆಯಿರಿ. ಆಕೆಯ ಮಾತಿನಲ್ಲೇ ಬರೆಯಿರಿ. ಗಂಡ ಕಿರುಕುಳ ಕೊಡುತ್ತಾನೆ ಎಂಬ ಒಂದು ಸಾಲಿನಿಂದ ನ್ಯಾಯಾಲಯಕ್ಕೆ ಏನೂ ತಿಳಿಯುವುದಿಲ್ಲ. ದಿನ, ಹೊತ್ತು, ಜಾಗ, ಏನಿಂದ ಹೊಡೆದ, ಯಾರು ನೋಡಿದರು, ಮಕ್ಕಳೆದುರೇ, ಒಡವೆ ಯಾರ ಬಳಿ ಇದೆ, ಸಂಬಳದ ಎಟಿಎಂ ಕಾರ್ಡ್ ಯಾರ ಕೈಯಲ್ಲಿದೆ ಎಲ್ಲ ಬರಲಿ. ವರದಿ ಮ್ಯಾಜಿಸ್ಟ್ರೇಟರಿಗೆ, ಪ್ರತಿ ಠಾಣೆಗೆ, ಒಂದು ಪ್ರತಿ ಆಕೆಗೆ ಉಚಿತವಾಗಿ. ಮನೆಯಲ್ಲಿ ಉಳಿಯುವ ಹಕ್ಕು, ರಕ್ಷಣಾ ಆದೇಶ, ಜೀವನಾಂಶ, ಮಕ್ಕಳ ಸುಪರ್ದಿ, ಪರಿಹಾರ ಇವಿಷ್ಟೂ ಒಂದೇ ಅರ್ಜಿಯಲ್ಲಿ ಕೇಳಬಹುದೆಂದು ತಿಳಿಸಿ. ಉಚಿತ ವಕೀಲರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ, ಇರಲು ಜಾಗ ಬೇಕಿದ್ದರೆ ಜಿಲ್ಲೆಯ ಸಖಿ ಕೇಂದ್ರಕ್ಕೆ ಅಂದೇ ಕಳಿಸಿ. ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ ನಿಗದಿಯಾಗಬೇಕು, ಅರ್ಜಿ 60 ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕು ಎಂದಿದೆ. ವಾಸ್ತವದಲ್ಲಿ ನೋಟಿಸ್ ಜಾರಿಯಾಗದೆ ತಿಂಗಳುಗಳು ಹೋಗುತ್ತವೆ, ಅದಕ್ಕೇ ಪ್ರತಿವಾದಿಯ ಸರಿಯಾದ ವಿಳಾಸ, ಕೆಲಸದ ಜಾಗ, ಫೋನ್ ನಂಬರ್ ಮೊದಲ ದಿನವೇ ಬರೆದುಕೊಳ್ಳಿ.

ಕಚೇರಿಯಲ್ಲಿ ಗಂಡ-ಹೆಂಡತಿಯನ್ನು ಕೂರಿಸಿ ರಾಜಿ ಪಂಚಾಯಿತಿ ಮಾಡುವ ಅಭ್ಯಾಸವನ್ನು ಬಿಡಲೇಬೇಕು. ಆಪ್ತಸಮಾಲೋಚನೆಗೆ ಕಳಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ. ವರದಿ ಬರೆಯದೆ ಬುದ್ಧಿ ಹೇಳಿ ಕಳಿಸಿದ ಮೇಲೆ ಆಕೆಗೆ ಏನಾದರೂ ಆದರೆ, ಆಕೆ ನಿಮ್ಮ ಬಳಿ ಬಂದಿದ್ದಳು ಎಂಬುದಕ್ಕೆ ದಾಖಲೆಯೇ ಉಳಿಯುವುದಿಲ್ಲ. ನ್ಯಾಯಾಲಯ ವಹಿಸಿದ ಕೆಲಸವನ್ನು ಕಾರಣವಿಲ್ಲದೆ ಮಾಡದ ಸಂರಕ್ಷಣಾಧಿಕಾರಿಗೆ ಒಂದು ವರ್ಷದವರೆಗೆ ಸೆರೆವಾಸ ಅಥವಾ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಬೀಳಬಹುದು.

ಸಿಕ್ಕ ಮಗು, ಬಿಟ್ಟುಹೋದ ಕೂಸು

ಬಸ್ ನಿಲ್ದಾಣದಲ್ಲಿ ಸಿಕ್ಕ ಮಗುವಾಗಲಿ, ಪೊದೆಯಲ್ಲಿ ಸಿಕ್ಕ ಕೂಸಾಗಲಿ, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರಾಗಬೇಕು. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕೂಡಲೇ ಫೋನ್ ಮಾಡಿ. ಪೋಕ್ಸೋ ಪ್ರಕರಣದ ಮಗುವನ್ನು ರಾತ್ರಿ ಠಾಣೆಯಲ್ಲಿ ಇಡುವಂತಿಲ್ಲ. ಮಗುವಿನ ಫೋಟೋ, ಹೆಸರು, ಊರು ವಾಟ್ಸಾಪ್ ಗುಂಪಿಗೆ ಹಾಕುವುದು ಅಪರಾಧ, ಇಲಾಖೆಯ ಗುಂಪಾದರೂ ಅಷ್ಟೇ.

ಆಸ್ಪತ್ರೆಯಲ್ಲೇ ಕೂಸನ್ನು ಮಕ್ಕಳಿಲ್ಲದ ದಂಪತಿಗೆ ಕೊಟ್ಟು ಪುಣ್ಯ ಕಟ್ಟಿಕೊಳ್ಳುವವರು ಪ್ರತಿ ಊರಲ್ಲಿದ್ದಾರೆ. ಅದು ಕಾನೂನುಬಾಹಿರ. ಮಗುವಿಗೆ ಕಾನೂನಿನ ತಂದೆ-ತಾಯಿ ಇರುವುದಿಲ್ಲ, ಯಾರು ಯಾವಾಗ ಬೇಕಾದರೂ ಕಿತ್ತುಕೊಳ್ಳಬಹುದು. ದತ್ತು ಬೇಕೆಂದವರಿಗೆ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ (ಕಾರಾ) ಜಾಲತಾಣದಲ್ಲಿ ನೋಂದಣಿಯ ದಾರಿ ತೋರಿಸಿ. ತಂದೆ ಸತ್ತು ತಾಯಿ ಸಾಕಲಾಗದೆ ಬಾಲಮಂದಿರಕ್ಕೆ ಬಿಡಲು ಬಂದರೆ ಮೊದಲು ಮಕ್ಕಳ ರಕ್ಷಣೆಯ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವಕ್ಕೆ ಅರ್ಜಿ ಹಾಕಿಸಿ. ತಿಂಗಳಿಗೆ 4,000 ರೂಪಾಯಿ ಸಿಕ್ಕರೆ ಎಷ್ಟೋ ಮಕ್ಕಳು ತಾಯಿಯ ಬಳಿಯೇ ಉಳಿಯುತ್ತವೆ.

ಬಾಗಿಲ ಮುಂದಿನ ಸಾಲು

2023ರ ಆಗಸ್ಟ್ 30ರಂದು ಚಾಲನೆಯಾದ ಗೃಹಲಕ್ಷ್ಮಿ ಬಂದ ಮೇಲೆ ಕಚೇರಿಗೆ ಬರುವ ಹತ್ತರಲ್ಲಿ ಎಂಟು ಜನ ಅದಕ್ಕೇ ಬರುತ್ತಾರೆ. ಹಣ ನಿಂತಿರುವುದಕ್ಕೆ ಕಾರಣ ಸಾಮಾನ್ಯವಾಗಿ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಅಂದರೆ ಎನ್‌ಪಿಸಿಐ ಮ್ಯಾಪಿಂಗ್ ಇಲ್ಲದಿರುವುದು, ಇ-ಕೆವೈಸಿ ಬಾಕಿ, ಪಡಿತರ ಚೀಟಿಯಲ್ಲೂ ಆಧಾರಿನಲ್ಲೂ ಹೆಸರು ಬೇರೆ, ಇಲ್ಲವೇ ಗಂಡನ ಹೆಸರು ತೆರಿಗೆ ಪಾವತಿದಾರರ ಪಟ್ಟಿಯಲ್ಲಿರುವುದು. ಈ ಕಾರಣ, ಹೋಗಬೇಕಾದ ಜಾಗ, ತರಬೇಕಾದ ಕಾಗದ ಇಷ್ಟನ್ನು ದೊಡ್ಡ ಅಕ್ಷರದಲ್ಲಿ ಬಾಗಿಲಿಗೆ ಅಂಟಿಸಿ, ಒಬ್ಬ ಸಿಬ್ಬಂದಿಗೆ ಮೇಜು ಹಾಕಿಕೊಡಿ. ಮಾತೃವಂದನಾ ಯೋಜನೆಗೂ ಅದೇ ಮೇಜು: ಮೊದಲ ಮಗುವಿಗೆ 3,000 ಮತ್ತು 2,000ದ ಎರಡು ಕಂತು, ಎರಡನೆಯದು ಹೆಣ್ಣಾದರೆ ಒಂದೇ ಸಲ 6,000. ಇಲ್ಲೂ ಹಣ ಬಾರದಿರಲು ಮುಖ್ಯ ಕಾರಣ ಅದೇ ಬ್ಯಾಂಕ್ ಜೋಡಣೆ.

ಮೇಲ್ವಿಚಾರಕಿಯರ ಸಭೆ

ಒಬ್ಬ ಮೇಲ್ವಿಚಾರಕಿಗೆ ಸುಮಾರು 25 ಕೇಂದ್ರ. ಸಭೆಯನ್ನು ಅಂಕಿಸಂಖ್ಯೆ ಓದುವುದರಲ್ಲೇ ಕಳೆಯಬೇಡಿ, ಅದು ಪೋಷಣ್ ಟ್ರ್ಯಾಕರ್‌ನಲ್ಲೇ ಸಿಗುತ್ತದೆ. ಪ್ರತಿಯೊಬ್ಬರಿಗೂ ಮೂರೇ ಪ್ರಶ್ನೆ ಕೇಳಿ: ನಿಮ್ಮ ವಲಯದ ಸ್ಯಾಮ್ ಮಕ್ಕಳ ಹೆಸರು ಹೇಳಿ, ಶಾಲೆ ಬಿಟ್ಟ, 18 ತುಂಬದ ಹುಡುಗಿಯರು ಯಾರು, ಈ ತಿಂಗಳು ನೀವು ಹೋಗದ ಕೇಂದ್ರ ಯಾವುದು, ಯಾಕೆ. ನೋಡದೆ ಹೆಸರು ಹೇಳುವಷ್ಟು ಆದ ದಿನ ವಲಯ ಸರಿಯಾಗಿದೆ ಎಂದು ತಿಳಿಯಬಹುದು. ವಾಹನವಿಲ್ಲದೆ ಬಸ್ಸಿನಲ್ಲಿ ತಿರುಗುವ ಮೇಲ್ವಿಚಾರಕಿಗೆ ದೂರದ ಕೇಂದ್ರಕ್ಕೆ ನಿಮ್ಮ ಜೀಪಿನಲ್ಲಿ ಜಾಗ ಕೊಡಿ, ಹೋಗುವ ದಾರಿಯಲ್ಲಿ ಸಭೆಯಲ್ಲಿ ಬಾಯಿಬಿಡದ ಮಾತುಗಳು ಹೊರಬರುತ್ತವೆ.

ವರ್ಗಾವಣೆ ಆದೇಶ ಬಂದಾಗ ಪ್ರಭಾರ ಪಟ್ಟಿಯ ಜೊತೆ, ಪುನಶ್ಚೇತನ ಕೇಂದ್ರದಿಂದ ಬಂದ ಮಕ್ಕಳು, ತಡೆದ ಮದುವೆಯ ಹುಡುಗಿಯರು, ಬಾಕಿ ಇರುವ ದೌರ್ಜನ್ಯ ಪ್ರಕರಣಗಳ ಮುಂದಿನ ದಿನಾಂಕ ಇವಿಷ್ಟನ್ನು ಮುಚ್ಚಿದ ಲಕೋಟೆಯಲ್ಲಿ ನಂತರ ಬರುವವರ ಕೈಗೇ ಕೊಡಿ. ಗುಮಾಸ್ತರ ಮೇಜಿನ ಮೇಲೆ ಇಟ್ಟು ಹೋಗಬೇಡಿ, ಅದರಲ್ಲಿರುವ ಹೆಸರುಗಳು ಹೊರಗೆ ಹೋಗುವಂಥವಲ್ಲ.